ಅಚ್ಚಿನಲ್ಲಿ ಎಡ, ಚಿನ್ನದಲ್ಲಿ ಬಲ

ಕೌದಿ ತುಳಿಯುವ ಸರದಿ ಅವತ್ತು ಟುಸ್ಕಸನದಾಗಿರಲಿಲ್ಲ. ಬೆಂಕಿ ಆರಿಸುವ, ಊರು ಕಾಯುವ ದಳದ ನಾಯಕನಿಗೆ ಆ ಸರದಿ ಬರುವುದೂ ಇಲ್ಲ. ಆದರೂ ಬೆಳಿಗ್ಗೆಯಿಂದ ಅವನೇ ಮೊಣಕಾಲುದ್ದದ ತೊಟ್ಟಿಯಲ್ಲಿ ನಿಂತು, ಹುಳಿಹಿಡಿದ ದ್ರಾಕ್ಷಾರಸದಲ್ಲಿ ದಪ್ಪ ಕೌದಿಗಳನ್ನು ತುಳಿಯುತ್ತಿದ್ದ. ಬೆಂಕಿ ಬಿದ್ದ ಮನೆಗೆ ಹೊದಿಸುವ ಕೌದಿ ಚೆನ್ನಾಗಿ ಹುಳಿ ಕುಡಿದಿರಬೇಕು. ಅರೆಬರೆ ನೆನೆದಿದ್ದರೆ ಅದೇ ಮೊದಲು ಹತ್ತಿಕೊಳ್ಳುತ್ತದೆ.

ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವನು ಆ ಕೆಲಸವನ್ನು ಕೇಳಿ ಪಡೆದದ್ದೇ ಅದಕ್ಕೆ. ತೊಟ್ಟಿಯಲ್ಲಿ ನಿಂತವನ ಕಣ್ಣು ಕೆಂಪಾದರೆ ಯಾಕೆಂದು ಯಾರೂ ಕೇಳುವುದಿಲ್ಲ.

"ಇಳಿದು ಬನ್ನಿ ನಾಯಕ್ರೇ. ಇನ್ನು ಸ್ವಲ್ಪ ಹೊತ್ತು ನಿಂತ್ರೆ ನಿಮ್ಮ ಕಾಲನ್ನೇ ಉಪ್ಪಿನಕಾಯಿ ಅಂತ ಬಡಿಸಬಹುದು," ಎಂದ ಬಾಸಸ್. ಅವನು ಟುಸ್ಕಸನ ಕೈಕೆಳಗಿನವರಲ್ಲಿ ಎಲ್ಲರಿಗಿಂತ ದಪ್ಪ, ಎಲ್ಲರಿಗಿಂತ ನಂಬಿಗಸ್ತ. ಬೆಳ್ಳುಳ್ಳಿ ಗಿಣ್ಣು ಸವರಿದ ರೊಟ್ಟಿ ಅವನ ಕೈಯಿಂದ ಇಳಿದದ್ದನ್ನು ಕಂಡವರಿಲ್ಲ.

"ಏನು ಹೇಳು."

"ದಳಪತಿಗಳು ಕೇಳಿದ್ರು. ಓಲೆ ಹೋಯ್ತಾ ಅಂತ."

"ಇನ್ನೂ ಇಲ್ಲ."

"ನಿನ್ನೇನೂ ಇದೇ ಮಾತು, ಮೊನ್ನೇನೂ ಇದೇ ಮಾತು. ನಗರಾಧಿಕಾರಿಗಳು ನಾಳೆ ಬೆಳಿಗ್ಗೆ ನ್ಯಾಯಪೀಠದಲ್ಲಿ ಕೂತ್ಕೊಳ್ತಾರಂತೆ. ಅಷ್ಟರೊಳಗೆ ನಿಮ್ಮ ಓಲೆ ಕೈಗೆ ಬರದಿದ್ರೆ, ಪಾಪ, ಆ ಹೆಂಗಸನ್ನ ಕರಡಿಗೆ ಹಾಕೋದೊಂದೇ ದಾರಿ ಅಂದ್ರು."

ಆ ಹೆಂಗಸು ಸಟ್ರಿಯಾ, ಕೇಲಿಯನ್ ಗುಡ್ಡದ ಬುಡದಲ್ಲಿ ಊಟದಂಗಡಿ ಇಟ್ಟವಳು. ಅವಳ ಕೊರಳಿನ ಚಿನ್ನದ ಪದಕದಲ್ಲಿ ಆಳುವ ಚಕ್ರವರ್ತಿಯ ಮುಖವನ್ನೇ ಯಾರೋ ಕೆರೆದು ಹಾಕಿದ್ದರು. ಕೆರೆದವರು ಯಾರೆಂದು ಪತ್ತೆಹಚ್ಚಿ ಓಲೆ ಕಳಿಸುವ ಕೆಲಸ ಟುಸ್ಕಸನ ಪಾಲಿಗೆ ಬಂದಿತ್ತು.

"ಆ ಅಕ್ಕಸಾಲಿಗ ನಿಕಾನರ್ ಏನಂದ?" ಎಂದು ಕೇಳಿದ ಟುಸ್ಕಸ್, ಉತ್ತರ ಬೇಡದವನ ಹಾಗೆ.

"ಅವನೇನನ್ನಬೇಕು? ಪದಕದ ಕಟ್ಟು ನಂದೇ, ಗೀರು ನಂದಲ್ಲ ಅಂತ ನಿಮ್ಮ ಕಾಲು ಹಿಡಿದು ಅತ್ತ. ನೀವು ಮತ್ತೆ ಮತ್ತೆ ಅವನ ಅಂಗಡಿಗೇ ಹೋದ್ರಿ. ಬೀದಿಯವರೆಲ್ಲ ಅವನ ಕಡೆ ನೋಡೋದನ್ನೇ ಬಿಟ್ಟಿದ್ದಾರೆ." ಬಾಸಸ್ ರೊಟ್ಟಿ ಕಚ್ಚಿದ. "ನನ್ನ ಕೇಳಿದ್ರೆ, ಬಾಡಿಗೆ ವಸೂಲಿ ಮಾಡೋ ಕೆರಿಯಾಲಿಸ್. ಚಾಡಿ ಹೇಳಿದೋನೇ ಅವನು. ಅವಳ ಅಂಗಡಿ ಮೇಲೆ ಕಣ್ಣಿಟ್ಟು ಎಷ್ಟು ಕಾಲ ಆಯ್ತು!"

"ಚಾಡಿ ಹೇಳಿದ. ಆದ್ರೆ ಕೆರೆದವನು ಅವನಲ್ಲ."

"ಅದು ಹೇಗೆ ಗೊತ್ತು?"

ಟುಸ್ಕಸ್ ತೊಟ್ಟಿಯಿಂದ ಇಳಿದು ಕಾಲು ಒರೆಸಿಕೊಂಡ. ಹೇಗೆ ಗೊತ್ತು ಎಂಬುದೇ ಅವನನ್ನು ಇಷ್ಟು ದಿನ ನಿದ್ದೆಗೆಡಿಸಿದ ಪ್ರಶ್ನೆ. ಪದಕ ಕೈಗೆ ಬಂದ ಮೊದಲ ಗಳಿಗೆಯಲ್ಲೇ ಅವನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಅಕ್ಕಸಾಲಿಗನನ್ನು ಅಳಿಸಿದ. ಗೊತ್ತಾದ ಮೇಲೂ ಕೆರಿಯಾಲಿಸನ ಮನೆ ಜಾಲಾಡಿಸಿದ. ಊರೆಲ್ಲ ಅಲೆದ, ಒಂದು ಬಾಗಿಲನ್ನು ಮಾತ್ರ ಬಿಟ್ಟು.

ಠಾಣೆಯ ಹಿಂದಿನ ಗೋಡೆಗೆ ಒರಗಿ, ಸೊಂಟದ ಚೀಲದಿಂದ ಉಣ್ಣೆಯ ಗಂಟು ತೆಗೆದು ಬಿಚ್ಚಿದ.

ಹೆಬ್ಬೆರಳಿನ ತುದಿಯಷ್ಟು ಅಗಲದ ಚಿನ್ನದ ನಾಣ್ಯ. ಸುತ್ತ ಜಾಲರಿಯ ಕಟ್ಟು, ನೆತ್ತಿಯಲ್ಲಿ ಸರ ಪೋಣಿಸುವ ಕೊಳವೆ. ಒಂದು ಮಗ್ಗುಲಲ್ಲಿ ಈಗ ದೇವರಾಗಿರುವ ಹಳೆಯ ಚಕ್ರವರ್ತಿ, ಗುಂಗುರು ಗಡ್ಡ, ತಲೆಗೆ ಎಲೆಯ ಕಿರೀಟ. ತಿರುಗಿಸಿದರೆ ಅವನ ಸಂಸಾರ. ನಡುವೆ ನಮ್ಮನ್ನೇ ನೆಟ್ಟು ನೋಡುವ ರಾಣಿ. ಅವಳ ಎಡಬಲದಲ್ಲಿ ಎದುರುಬದುರಾಗಿ ಇಬ್ಬರು ಗಂಡುಮಕ್ಕಳು. ಅಂಚಿನ ಸುತ್ತ 'ಯುಗದ ಸುಖ' ಎಂಬ ಅಕ್ಷರಗಳು.

ಆ ಸುಖ ಅಪ್ಪನ ಚಿತೆಯ ಜೊತೆಗೇ ಉರಿದುಹೋಗಿತ್ತು. ಹಿರಿಯವನು ಕಿರಿಯವನನ್ನು ಕೊಲ್ಲಿಸಿ ತಾನೊಬ್ಬನೇ ಚಕ್ರವರ್ತಿಯಾದ. ಈಗ ಕಿರಿಯವನ ಹೆಸರು ಬಾಯಲ್ಲಿ ಬರಕೂಡದು. ಊರಿನ ಕಮಾನುಗಳ ಮೇಲೆಲ್ಲ ಉಳಿ ಹಿಡಿದವರು ಹತ್ತಿ ಅವನಿದ್ದ ಜಾಗವನ್ನು ಬೋಳಿಸಿದ್ದರು. ಯಾರ ಮನೆಯಲ್ಲಿ ಅವನ ಮುಖ ಸಿಕ್ಕಿದರೂ ಅದು ರಾಜದ್ರೋಹ. ಜನ ಅವನನ್ನು 'ಆ ಇನ್ನೊಬ್ಬ' ಎನ್ನುತ್ತಿದ್ದರು, ಅದೂ ಬಾಗಿಲು ಹಾಕಿಕೊಂಡು.

ನೋಡುವವರ ಎಡಕ್ಕೆ ಇರುವವನು ಹಿರಿಯ, ಬಲಕ್ಕೆ ಇರುವವನು ಕಿರಿಯ. ಸವೆಯದ ನಾಣ್ಯದಲ್ಲಾದರೆ ಹಿರಿಯನ ತಲೆಯ ಮೇಲಿನ ಎಲೆಗಳಿಂದ ಗುರುತು ಸಿಗುತ್ತದೆ. ಸಟ್ರಿಯಾಳ ಗಂಡ ಅರಮನೆಯ ಪಹರೆಯವನು. ಚಕ್ರವರ್ತಿಯ ಉತ್ಸವದಲ್ಲಿ ಸಿಕ್ಕ ಇನಾಮನ್ನು ಹೆಂಡತಿಯ ಕೊರಳಿಗೆ ಕಟ್ಟಿ ಸತ್ತುಹೋಗಿದ್ದ. ಅಂದಿನಿಂದ ಒಲೆಯ ಮುಂದೆ ಬೆವರಿಗೆ, ಬಟ್ಟೆಗೆ ತಿಕ್ಕಿ ತಿಕ್ಕಿ ಇಬ್ಬರು ಹುಡುಗರ ಮುಖವೂ ಒಂದೇ ತರಹ ನುಣುಪಾಗಿತ್ತು. ಹಿರಿಯನ ಎಲೆಗಳೂ ಅಳಿದಿದ್ದವು.

ಬಲಗಡೆಯ ಕಿರಿಯ ಈಗಲೂ ಹಾಗೇ ಇದ್ದ. ಎಡಗಡೆಯ ಹಿರಿಯನ ಜಾಗದಲ್ಲಿ ಒತ್ತೊತ್ತಾದ ಗೀರುಗಳು.

ಚಾಡಿ ಕೇಳಿ, ಆ ಇನ್ನೊಬ್ಬನ ಮುಖ ಹುಡುಕುತ್ತ ಶೋಧಕ್ಕೆ ಬಂದವರಿಗೆ ಪದಕವನ್ನು ತೋರಿಸಿದ್ದು ಸ್ವತಃ ಸಟ್ರಿಯಾ. "ನೋಡಿ ಬೇಕಾದ್ರೆ, ಆ ಇನ್ನೊಬ್ಬನನ್ನ ಅಳಿಸಿ ಆಗಿದೆ," ಎಂದು ಎದೆಯುಬ್ಬಿಸಿ ಮುಂದೆ ಹಿಡಿದಿದ್ದಳಂತೆ. ಅಧಿಕಾರಿ ಪಕ್ಕಾ ಮಾಡಿಕೊಳ್ಳಲೆಂದು ಸವೆಯದ ಅಂಥದೇ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು ನೋಡಿದ. ಅಳಿದುಹೋಗಿದ್ದವನು ಹಿರಿಯ. ಕೆರೆದದ್ದು ಯಾರು ಎಂದರೆ ನೆಲ ನೋಡಿದಳು.

ಟುಸ್ಕಸ್ ಗೀರುಗಳ ಮೇಲೆ ಉಗುರಾಡಿಸಿದ. ಅಡುಗೆಮನೆಯ ಚಾಕು ಚಿನ್ನದ ಮೇಲೆ ಜಾರುತ್ತದೆ, ಅತ್ತಿತ್ತ ಹಾಯುತ್ತದೆ. ಇಲ್ಲಿ ಒಂದು ಗೀರೂ ಜಾರಿರಲಿಲ್ಲ. ಮೂಲೆಯುಳ್ಳ ಸಣ್ಣ ಉಳಿಯಿಂದ, ಒಂದೇ ಒತ್ತಡದಲ್ಲಿ, ತಾಯಿಯ ಕೆನ್ನೆಯ ಹತ್ತಿರ ಬಂದು ಕೂದಲೆಳೆಯಷ್ಟು ದೂರದಲ್ಲಿ ನಿಂತ ಗೀರುಗಳು. ಲೋಹ ಕೆತ್ತಿ ಪಳಗಿದ ಕೈ.

ಹಾಗಾದರೆ ಅಕ್ಕಸಾಲಿಗನೂ ಆಗಬಹುದಿತ್ತಲ್ಲ? ಇಲ್ಲ. ಅಕ್ಕಸಾಲಿಗ ನಾಣ್ಯವನ್ನು ನಾಣ್ಯವಾಗಿಯೇ ನೋಡಿದವನು. ಎಡ ಅವನಿಗೆ ಎಡವೇ. ಈ ತಪ್ಪು ಮಾಡಬಲ್ಲವರು ಲೋಕದಲ್ಲಿ ಒಂದೇ ಜಾತಿಯ ಜನ, ನಾಣ್ಯ ಹೊಡೆಯುವ ಟಂಕಸಾಲೆಯಲ್ಲಿ ಕೂತು ಉಕ್ಕಿನ ಅಚ್ಚಿನೊಳಗೆ ಮುಖ ಕೆತ್ತುವವರು. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿ ಎಡಕ್ಕೆ ಕೂತ ಕಿರಿಯ, ಸುತ್ತಿಗೆ ಬಿದ್ದ ಮೇಲೆ ಚಿನ್ನದಲ್ಲಿ ಬಲಕ್ಕೆ ಹೋಗಿ ಕೂರುತ್ತಾನೆ. ಕಣ್ಣಿಗೆ ನಾಣ್ಯ ಕಾಣದೆ, ಬರೀ ಕೈಯ ನೆನಪಿನಲ್ಲಿ ಉಳಿ ಆಡಿಸಿದವನು ಮಾತ್ರ ಎಡದವನನ್ನು ಕಿರಿಯ ಎಂದುಕೊಂಡಾನು.

ಆ ಅಚ್ಚನ್ನು ಟುಸ್ಕಸ್ ಒಮ್ಮೆ ನೋಡಿದ್ದ. "ಇದು ನನ್ನ ಕೊನೇ ಅಚ್ಚು ಮಗಾ, ಇನ್ನು ಕಣ್ಣು ಆಗೋದಿಲ್ಲ," ಎಂದು ಹೇಳಿ ಅದನ್ನು ತೋರಿಸಿದ್ದವನು ಹರ್ಮೆರೋಸ. ಸಟ್ರಿಯಾಳ ಅಂಗಡಿಯ ಮೇಲೆ, ಮಾಳಿಗೆಯ ತುದಿಯ ಕೋಣೆಯಲ್ಲಿ ಒಬ್ಬನೇ ಇರುವ ಮುದುಕ.

ಟುಸ್ಕಸನ ತಂದೆ.

ಠಾಣೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ದಳದವರಿಗೂ ಹೆಂಡತಿಯ ಮನೆಯವರಿಗೂ ಅವನು ಹೇಳಿದ್ದ ಕಥೆಯೇ ಬೇರೆ: ತಂದೆ ಸಿಪಾಯಿ, ಗಡಿಯಲ್ಲಿ ಕಾದಾಡಿ ಸತ್ತ. ಟಂಕಸಾಲೆಯ ಗುಲಾಮನಾಗಿ ಹುಟ್ಟಿ, ಸಂಜೆಗೊಮ್ಮೆ ಬೆತ್ತಲಾಗಿ ನಿಂತು ಚಿನ್ನದ ಪುಡಿ ಕದ್ದಿಲ್ಲವೆಂದು ಬಾಯಿ ತೆರೆದು ತೋರಿಸಿ ಹೊರಗೆ ಬರುತ್ತಿದ್ದವನ ಮಗ ಎಂದು ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ.

ಒಂದು ಸಲ ಸಟ್ರಿಯಾ ಠಾಣೆಗೇ ಬಂದಿದ್ದಳು. "ನಿಮ್ಮಪ್ಪ ನಿಮ್ಮನ್ನ ನೋಡಬೇಕಂತಾರೆ," ಎಂದಳು, ದಳದವರೆಲ್ಲ ಕೇಳುವ ಹಾಗೆ. "ಯಾವ ಅಪ್ಪ? ಮನೆ ತಪ್ಪಿದ್ದೀಯ ತಾಯಿ," ಎಂದು ನಕ್ಕು ಕಳಿಸಿದ್ದ. ಅವಳನ್ನು ಸೆರೆಮನೆಯಲ್ಲಿ ವಿಚಾರಿಸಲು ಹೋದಾಗ, ಪರಿಚಯ ಉಂಟೇ ಎಂದು ಗುಮಾಸ್ತ ಕೇಳಿದ್ದಕ್ಕೆ ಅವಳು ಟುಸ್ಕಸನ ಮುಖ ನೋಡಿ, "ಈ ನಾಯಕರನ್ನ ನಾನೆಲ್ಲೂ ಕಂಡಿಲ್ಲ," ಎಂದಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

"ಬಾಸಸ್," ಎಂದು ಕೂಗಿದ. "ನಾನು ಕೇಲಿಯನ್ ಕಡೆ ಹೋಗ್ತೀನಿ. ಏನಾದ್ರೂ ಸುದ್ದಿ ಬಂದ್ರೆ ಆ ಹೆಂಗಸಿನ ಅಂಗಡಿಗೇ ಬಾ."

ಓಲೆ ಬರೆಯಲು ಮೇಣ ಬಳಿದ ಹಲಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡ. ಅದರಲ್ಲಿ ನಗರಾಧಿಕಾರಿಗೆ ವಂದನೆ ಎಂಬ ಮೊದಲ ಸಾಲು ಬಿಟ್ಟು ಬೇರೇನೂ ಇರಲಿಲ್ಲ.

*

"ಯಾರದು? ಹುಳಿ ವಾಸನೆ. ಬೆಂಕಿಯವರಾ? ಇಲ್ಲಿ ಒಲೆನೇ ಹಚ್ಚೋದಿಲ್ಲಪ್ಪ, ಹೋಗಿ ಹೋಗಿ, ಕೆಳಗಡೆ ಅಗಸರ ಮನೇಲಿ ನೋಡಿ."

ಹರ್ಮೆರೋಸ ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಬೆಳ್ಳುಳ್ಳಿ ಸುಲಿಯುತ್ತಿದ್ದ. ಬೆಳಕು ಅವನಿಗೆ ಈಗ ಯಾವ ಕೆಲಸಕ್ಕೂ ಬೇಕಿರಲಿಲ್ಲ. ಬೆರಳುಗಳು ಸಿಪ್ಪೆಯ ಅಂಚನ್ನು ತಾವೇ ಹುಡುಕಿಕೊಳ್ಳುತ್ತಿದ್ದವು.

"ನಾನು," ಎಂದ ಟುಸ್ಕಸ್.

"ನಾನು ಅಂದ್ರೆ? ಈ ಊರಲ್ಲಿ ಎಲ್ಲರೂ ನಾನೇ."

"ಟುಸ್ಕಸ್."

ಬೆರಳುಗಳು ನಿಂತವು. ಮುದುಕ ತೊಡೆಯ ಮೇಲಿನ ಸಿಪ್ಪೆಯನ್ನೆಲ್ಲ ನಿಧಾನವಾಗಿ ಒಂದು ಕಡೆ ಗುಡ್ಡೆ ಮಾಡಿದ.

"ಕೂತ್ಕೋ. ಅಯ್ಯೋ, ಆ ಮಂಚದ ಮೇಲೆ ಬೇಡ, ಕಾಲು ಮುರಿದಿದೆ. ಇಲ್ಲಿ ಬಾ, ಈ ಪೆಟ್ಟಿಗೆ ಗಟ್ಟಿ. ಏನಾದ್ರೂ ತಿಂತೀಯಾ? ಸಟ್ರಿಯಾ ಇದ್ದಿದ್ರೆ ಬಿಸಿಬಿಸಿ ಕಡಲೆ ಗಂಜಿ ಬರ್ತಿತ್ತು. ಅವಳು ಅಕ್ಕನ ಮನೆಗೆ ಓಸ್ಟಿಯಾಕ್ಕೆ ಹೋಗಿದ್ದಾಳಂತೆ, ಅಗಸರ ಮುಮ್ಮಿಯಾ ಹೇಳಿದ್ಲು. ಮುಮ್ಮಿಯಾನೂ ಗಂಜಿ ಕೊಡ್ತಾಳೆ. ಅವಳ ಕಡಲೆ ಕಚ್ಚಿ ನನಗಿದ್ದ ಎರಡು ಹಲ್ಲೂ ಅಲ್ಲಾಡ್ತಿವೆ."

ಇವನಿಗೆ ಏನೂ ಗೊತ್ತಿಲ್ಲ ಎಂದು ಟುಸ್ಕಸನಿಗೆ ಆಗ ತಿಳಿಯಿತು. ಇಡೀ ಕಟ್ಟಡ ಸೇರಿ ಮುದುಕನಿಂದ ವಿಷಯ ಮುಚ್ಚಿಟ್ಟಿತ್ತು. ಮೆಟ್ಟಿಲು ಹತ್ತುವಾಗ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಉದುರಿದವು.

"ಶೋಧದವರು ಬಂದಿದ್ರಲ್ಲ," ಎಂದ, ಯಾವುದೋ ದೂರದ ವಿಷಯವೆಂಬಂತೆ. "ಆ ದಿನ ನೀನಿಲ್ಲೇ ಇದ್ದೆಯಾ?"

"ಇನ್ನೆಲ್ಲಿಗೆ ಹೋಗ್ಲಿ?" ಮುದುಕ ಮುಂದಕ್ಕೆ ಬಾಗಿದ. ದನಿ ತಗ್ಗಿತು, ಆದರೆ ಅದರಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಯಾರಿಗೂ ಹೇಳಬೇಡ. ನೀನು ಸರ್ಕಾರದವನು, ಆದ್ರೂ ಹೇಳ್ತೀನಿ. ಅವರು ಪಕ್ಕದ ಮೆಟ್ಟಿಲು ಹತ್ತುತ್ತಾ ಇದ್ರು. ಸಟ್ರಿಯಾ ಏದುಸಿರು ಬಿಡ್ತಾ ಓಡಿಬಂದ್ಲು. 'ಅಜ್ಜಾ, ನನ್ನ ಪದಕದಲ್ಲಿ ಆ ಇನ್ನೊಬ್ಬ ಇದ್ದಾನೆ, ಎಲ್ಲಿ ಬಚ್ಚಿಡಲಿ' ಅಂದ್ಲು. ಬಚ್ಚಿಡೋದು ಯಾಕೆ, ಇಲ್ಲಿ ಕೊಡು ಅಂದೆ. ಹಳೇ ಉಳಿ ಇತ್ತಲ್ಲ, ತಲೆದಿಂಬಿನ ಕೆಳಗೆ. ಹೆಬ್ಬೆರಳಲ್ಲಿ ತಡವಿದೆ. ನಡುವೆ ತಾಯಿ ಸಿಕ್ಕಿದ್ಲು. ನನ್ನ ಕೈಯ ತಾಯಿ, ಗುರುತು ಸಿಗದೇ ಇರುತ್ತಾ? ಅವಳ ಪಕ್ಕ ಆ ಹುಡುಗ. ಕಣ್ಣು ಮಿಟುಕಿಸೋದ್ರೊಳಗೆ ತೆಗೆದುಹಾಕಿದೆ! ಅವಳ ಕೆನ್ನೆಗೆ ಒಂದು ಗೀರು ತಾಗಿಲ್ಲ, ಬೇಕಾದ್ರೆ ಕೇಳು."

"ತಾಗಿಲ್ಲ," ಎಂದ ಟುಸ್ಕಸ್.

"ನೀನು ನೋಡಿದ್ಯಾ?"

ಟುಸ್ಕಸ್ ಉಣ್ಣೆಯ ಗಂಟು ಬಿಚ್ಚಿ ಪದಕವನ್ನು ತಂದೆಯ ಅಂಗೈಯಲ್ಲಿಟ್ಟ.

ಮುದುಕನ ಮುಖ ಅರಳಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿತು. "ಇದು ನಿನ್ನ ಹತ್ರ ಹೇಗೆ ಬಂತು? ಅವಳು ಇದನ್ನ ಕೊರಳಿಂದ ತೆಗೆಯೋದೇ ಇಲ್ಲ."

"ಅಪ್ಪ." ಎಷ್ಟೋ ವರ್ಷದ ಮೇಲೆ ಆ ಶಬ್ದ ಬಾಯಿಂದ ಬಂದಿತ್ತು. ಬಂದ ಹೊತ್ತು ಇದೇ ಆಗಬೇಕೆ ಎನ್ನಿಸಿತು. "ನೀನು ಯಾವ ಕಡೆಯವನನ್ನ ಕೆರೆದೆ?"

"ಎಡಗಡೆಯವನನ್ನ. ಅಲ್ಲೇ ಅಲ್ವಾ ಅವನನ್ನ ಕೂರಿಸಿದ್ದು ನಾನು."

"ಅಚ್ಚಿನಲ್ಲಿ."

ಒಂದು ಕ್ಷಣ ಮುದುಕನಿಗೆ ಅರ್ಥವಾಗಲಿಲ್ಲ. ಮರುಕ್ಷಣ ಆಯಿತು. ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಡವಿದ, ಮೊದಲು ಗೀರು, ಆಮೇಲೆ ತಾಯಿ, ಆಮೇಲೆ ಬಲಗಡೆಯ ಹುಡುಗ. ಮತ್ತೆ ಮೊದಲಿನಿಂದ.

"ಹಿರಿಯವನು," ಎಂದ, ಉಸಿರೇ ಇಲ್ಲದ ದನಿಯಲ್ಲಿ. "ನಾನು ಹಿರಿಯವನನ್ನ ತೆಗೆದಿದ್ದೀನಿ."

"ಹೌದು."

"ಒಂದು ಜನ್ಮವೆಲ್ಲ ಕೆತ್ತಿದೆನಲ್ಲೋ. ಕೂಸಿಗೂ ಗೊತ್ತಿರೋ ವಿಷಯ. ಅಚ್ಚಲ್ಲಿ ಎಡ, ಚಿನ್ನದಲ್ಲಿ ಬಲ. ಕಲಿಯೋಕೆ ಬಂದ ಹುಡುಗರಿಗೆ ಮೊದಲ ದಿನ ಹೇಳಿಕೊಡೋದು..." ಅವನ ಕತ್ತು ಬಾಗಿತು. ಕಿವಿಯ ತುದಿಯವರೆಗೆ ರಕ್ತ ಏರಿದ್ದು ಟುಸ್ಕಸನಿಗೆ ಕಂಡಿತು. "ನನ್ನ ಕೈಗೆ ಚಿನ್ನ ಗೊತ್ತಿಲ್ಲ ಮಗಾ. ಅದೇ ಆಗಿರಬೇಕು. ನಾನು ಕೆತ್ತಿದ್ದರ ಒಂದು ನಾಣ್ಯವನ್ನೂ ಕೈಯಲ್ಲಿ ಹಿಡಿದವನಲ್ಲ. ಸುತ್ತಿಗೆಯವರು ಬೇರೆ, ಎಣಿಸೋರು ಬೇರೆ. ನನಗೆ ಗೊತ್ತಿದ್ದದ್ದು ಉಕ್ಕು ಒಂದೇ. ಚಿನ್ನ ಮುಟ್ಟಿದ್ದು ಅವತ್ತೇ ಮೊದಲು."

ಮುದುಕ ತಲೆಯೆತ್ತಿದ.

"ಅವಳು ಓಸ್ಟಿಯಾದಲ್ಲಿಲ್ಲ."

"ಇಲ್ಲ. ಸೆರೆಮನೆಯಲ್ಲಿದ್ದಾಳೆ. ಯಾರು ಕೆರೆದದ್ದು ಅಂತ ಬಾಯಿ ಬಿಡ್ತಿಲ್ಲ. ನಾಳೆ ವಿಚಾರಣೆ."

"ಹಾಗಾದ್ರೆ ನೀನು ನನ್ನನ್ನ ಹಿಡಿಯೋಕೆ ಬಂದಿದ್ದೀಯ."

"ಇಲ್ಲ! ನಾನು..." ಯಾಕೆ ಬಂದಿದ್ದೇನೆಂದು ಅವನಿಗೇ ಸ್ಪಷ್ಟವಿರಲಿಲ್ಲ. "ರಾತ್ರಿಯೊಳಗೆ ಊರು ಬಿಡು. ಗಾಡಿ ಮಾಡಿಸ್ತೀನಿ. ಆಮೇಲೆ ಓಲೆ ಕಳಿಸ್ತೀನಿ, ಕೆರೆದವನು ಓಡಿಹೋದ ಅಂತ."

"ಎಲ್ಲಿಗೆ ಓಡ್ಲಿ? ಮೆಟ್ಟಿಲು ಇಳಿಯೋಕೇ ನನಗೆ ಅರ್ಧ ದಿನ ಬೇಕು." ಮುದುಕ ಒಣದಾಗಿ ನಕ್ಕ. "ಮತ್ತೆ, ಓಡಿಹೋದವನ ಮಾತನ್ನ ಯಾರು ನಂಬ್ತಾರೆ? ನಾನೇ ಎದುರಿಗೆ ನಿಂತು, ನೋಡಿ ಸ್ವಾಮಿ, ಕುರುಡ ನಾನು, ಆಜ್ಞೆ ಪಾಲಿಸೋಕೆ ಹೋಗಿ ಕೈ ತಪ್ಪಿದೆ, ಈ ಹೆಂಗಸು ಆಜ್ಞೆ ಮೀರಿದವಳಲ್ಲ ಅಂತ ಹೇಳಿದ್ರೆ ಅವಳು ಬದುಕ್ತಾಳೆ. ಹೌದೋ ಅಲ್ವೋ?"

"ಅವಳು ಬದುಕ್ತಾಳೆ. ನೀನು?"

"ಹಲಗೆ ತಂದಿದ್ದೀಯಲ್ಲ, ಕಂಕುಳಲ್ಲಿ ಮೇಣದ ವಾಸನೆ ಬರ್ತಿದೆ. ಬರಿ."

"ಅಪ್ಪ, ಬೇಡ."

"ಬರಿ ಅಂದೆ. ಬರವಣಿಗೆ ಕಲಿಸಿದ್ದು ಯಾಕೆ ಮತ್ತೆ? ಟಂಕಸಾಲೆಯಿಂದ ಬಿಡುಗಡೆಯಾದ ಹರ್ಮೆರೋಸ, ಅಚ್ಚು ಕೆತ್ತೋನು, ಸಟ್ರಿಯಾಳ ಪದಕದ ಮೇಲಿನ ಗೀರು ತನ್ನದೇ ಎಂದು ಒಪ್ಪುತ್ತಾನೆ. ಬರೆದೆಯಾ?"

ಟುಸ್ಕಸನ ಕಡ್ಡಿ ಮೇಣದ ಮೇಲೆ ಸಾಗಿತು. "ಬರೆದೆ."

"ಕಣ್ಣು ಕಾಣದೆ, ಅಚ್ಚಿನ ಅಭ್ಯಾಸದಿಂದ ಎಡಬಲ ತಪ್ಪಿತು. ದ್ವೇಷ ಇಲ್ಲ. ಬರೆದೆಯಾ? ಇನ್ನೊಂದು ಸಾಲು. ಇವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ."

ಕಡ್ಡಿ ನಿಂತಿತು.

"ಬರಿ ಬರಿ. ಹೇಗೂ ನಾನು ಸತ್ತಿದ್ದೀನಲ್ಲ." ಮುದುಕನ ದನಿಯಲ್ಲಿ ಕಹಿ ಇರಲಿಲ್ಲ. "ಸಟ್ರಿಯಾ ನಿನ್ನ ಠಾಣೆಗೆ ಹೋಗಿ ಬಂದ ದಿನ ಒಂದು ಮಾತೂ ಆಡದೆ ಗಂಜಿ ಬಡಿಸಿದ್ಲು. ನಿದ್ದೇಲೂ ಮಾತಾಡೋ ಹೆಂಗಸು! ಆಮೇಲೆ ಕೇಳಿ ಕೇಳಿ ಬಾಯಿ ಬಿಡಿಸಿದೆ. ಅವಳೂ ಅಲ್ಲಿ ಇಲ್ಲಿ ವಿಚಾರಿಸಿದ್ಲಂತೆ. ಗಡಿಯಲ್ಲಿ ಕಾದಾಡಿ ಸತ್ತೆನಂತಲ್ಲ. ಯಾವ ಗಡಿ?"

"ಡಾನ್ಯೂಬ್."

"ಚಳಿ ಜಾಗ. ಸ್ವಲ್ಪ ಬೆಚ್ಚಗಿರೋ ಕಡೆ ಸಾಯಿಸಬಾರದಿತ್ತಾ?" ಮುದುಕ ಕೈ ಚಾಚಿ ಮಗನ ಮೊಣಕೈಯನ್ನು ಹುಡುಕಿ ತಟ್ಟಿದ. "ನಾಚ್ಕೋಬೇಡ. ಆ ಸುಳ್ಳು ಇವತ್ತು ಕೆಲಸಕ್ಕೆ ಬರುತ್ತೆ. ನನ್ನ ಜೊತೆ ನಿನ್ನನ್ನೂ ಎಳೆಯೋದು ತಪ್ಪುತ್ತೆ. ಬರಿ, ಮಕ್ಕಳಿಲ್ಲ."

ಆಗ ಕೆಳಗಿನಿಂದ ಬಾಸಸನ ಗಂಟಲು ಕೇಳಿಸಿತು. "ನಾಯಕ್ರೇ! ನಾಯಕ್ರೇ! ಎಲ್ಲಿದ್ದೀರಿ?"

"ಹೋಗು, ನಿನ್ನವರು," ಎಂದ ಹರ್ಮೆರೋಸ.

*

ಮುಚ್ಚಿದ ಊಟದಂಗಡಿಯ ಕಲ್ಲುಕಟ್ಟೆಗೆ ಒರಗಿ ಬಾಸಸ್ ಏದುಸಿರು ಬಿಡುತ್ತಿದ್ದ. ಕೈಯಲ್ಲಿ ರೊಟ್ಟಿ ಇರಲಿಲ್ಲ.

"ಮುಗೀತು ನಾಯಕ್ರೇ! ಇನ್ನು ನೀವು ತಲೆ ಕೆಡಿಸಿಕೊಳ್ಳೋ ಹಾಗಿಲ್ಲ. ಅವಳೇ ಒಪ್ಪಿಕೊಂಡ್ಲಂತೆ."

"ಯಾರು?"

"ಇನ್ಯಾರು, ಸಟ್ರಿಯಾ. ನಾನೇ ಕೆರೆದೆ, ನನ್ನ ಕೈಯಾರೆ, ಬೇಕೂ ಅಂತಲೇ ಅಂದ್ಲಂತೆ. ನಮ್ಮ ಕಟ್ಟಡದ ಬೇರೆ ಯಾರನ್ನೂ ಮುಟ್ಟಬೇಡಿ ಅಂತ ಕೈ ಮುಗಿದಳಂತೆ. ಒಪ್ಪಿಕೊಂಡ ಮೇಲೆ ವಿಚಾರಣೆ ಯಾಕೆ ಅಂತ ನಾಳೆಯದು ರದ್ದು. ಇವತ್ತು ಮಧ್ಯಾಹ್ನವೇ ಶಿಕ್ಷೆ ಹೇಳಿಬಿಡ್ತಾರೆ. ದಳಪತಿಗಳು ಬಹಳ ಖುಷಿಯಾಗಿದ್ದಾರೆ. ನಾಯಕನ ಓಲೆ ಇನ್ನು ಬೇಡ, ಬರೆದಿದ್ರೆ ಅಳಿಸಿಬಿಡೋಕೆ ಹೇಳು ಅಂದ್ರು."

ಟುಸ್ಕಸ್ ನಿಟ್ಟುಸಿರು ಬಿಟ್ಟ. ಅಪ್ಪ ಬದುಕಿದ. ನಾನೂ ಬದುಕಿದೆ. ಮೇಣದ ಮೇಲೆ ಹೆಬ್ಬೆರಳು ಒಮ್ಮೆ ಆಡಿಸಿದರೆ ಸಾಕು, ಎಲ್ಲ ಮೊದಲಿನ ಹಾಗೆ.

ಹೆಬ್ಬೆರಳು ಹಲಗೆಯ ಮೇಲೆ ಇತ್ತು ಕೂಡ. ಅದನ್ನು ಕಂಡಾಗ ಅವನಿಗೆ ತನ್ನ ಮೇಲೇ ಅಸಹ್ಯ ಬಂದಿತು. ಒಬ್ಬ ಹೆಂಗಸು ತನ್ನವನಲ್ಲದ ಮುದುಕನಿಗಾಗಿ ಕರಡಿಯ ಬಾಯಿಗೆ ಹೋಗಲು ಸಿದ್ಧಳಾಗಿದ್ದಾಳೆ. ಆ ಮುದುಕನ ಮಗ ಕಲ್ಲುಕಟ್ಟೆಯ ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದಾನೆ. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಏ ನಾಯಕಾ!" ಮೇಲಿನ ಕಿಟಕಿಯಿಂದ ಅಗಸರ ಮುಮ್ಮಿಯಾ ಅರ್ಧ ಮೈ ಹೊರಗೆ ಹಾಕಿದ್ದಳು. "ನೀನು ನೋಡೋಕೆ ಬಂದ ಮುದುಕ ಹಿಂದಿನ ಮೆಟ್ಟಿಲಲ್ಲಿ ಜಾರಿಕೊಂಡೇ ಇಳಿದು ಹೋಗಿಬಿಟ್ಟ ಕಣೋ! ನಗರಾಧಿಕಾರಿಯ ಬಾಗಿಲು ಯಾವ ಕಡೆ ಅಂತ ಕೇಳಿದ. ಯಾರೋ ಇಟ್ಟಿಗೆ ಗಾಡಿಯವನು ಹತ್ತಿಸಿಕೊಂಡ. ಯಾರಪ್ಪ ನೀನು, ನಿನ್ನ ಮಕ್ಕಳೆಲ್ಲಿ ಅಂತ ಗಾಡಿಯವನು ಕೇಳಿದ್ರೆ, ನನಗೆ ಮಕ್ಕಳೇ ಇಲ್ಲ ಅಂದ. ಹಾಗಾದ್ರೆ ನೀನು ಯಾರು?"

"ಯಾವ ಮುದುಕ?" ಎಂದ ಬಾಸಸ್.

ಬೀದಿಯಲ್ಲಿ ನೀರು ಹೊರುವವರು ನಿಂತು ನೋಡುತ್ತಿದ್ದರು. ಟುಸ್ಕಸ್ ಬಾಯಿ ತೆರೆದ.

"ನಮ್ಮಪ್ಪ."

"ನಿಮ್ಮಪ್ಪ ಡಾನ್ಯೂಬ್‌ನಲ್ಲಿ..."

"ಅದು ಸುಳ್ಳು. ಪದಕ ಕೆರೆದದ್ದು ಅವರೇ. ಕಣ್ಣು ಕಾಣೋದಿಲ್ಲ. ಟಂಕಸಾಲೆಯ ಗುಲಾಮರಾಗಿದ್ದರು. ನನಗೆ ಮೊದಲ ದಿನದಿಂದ ಗೊತ್ತಿತ್ತು."

ಟುಸ್ಕಸ್ ಹಲಗೆಯನ್ನು ಕಲ್ಲುಕಟ್ಟೆಯ ಮೇಲಿಟ್ಟ, ಸಟ್ರಿಯಾ ಗಂಜಿಯ ಮಡಕೆ ಇಳಿಸುತ್ತಿದ್ದ ಕಡೆ. ಅಪ್ಪ ಹೇಳಿದ ಕೊನೆಯ ಸಾಲನ್ನು ಬರೆಯಲಿಲ್ಲ. ಅದರ ಜಾಗದಲ್ಲಿ, ಇವನಿಗೆ ಒಬ್ಬ ಮಗನಿದ್ದಾನೆ, ಈ ಓಲೆ ಬರೆಯುತ್ತಿರುವವನೇ ಅವನು, ತಿಳಿದೂ ಮುಚ್ಚಿಟ್ಟವನೂ ಅವನೇ ಎಂದು ಒತ್ತಿ ಬರೆದ. ಹಲಗೆ ಮಡಿಚಿ, ಪದಕವನ್ನು ಅದರ ಜೊತೆ ಕಟ್ಟಿ, ದಾರ ಬಿಗಿದು ಉಂಗುರದ ಮುದ್ರೆಯೊತ್ತಿದ.

"ನಾಯಕ್ರೇ, ಯೋಚನೆ ಮಾಡಿ," ಎಂದ ಬಾಸಸ್. "ಅವಳು ನಾನೇ ಅಂತಿದ್ದಾಳೆ. ಆ ಅಜ್ಜ ಹೋಗಿ ನಾನೇ, ನನಗೆ ಮಕ್ಕಳಿಲ್ಲ ಅಂತಾರೆ. ಇದು ಮಗ ಇದ್ದಾನೆ ಅನ್ನುತ್ತೆ. ಯಾರದ್ದು ಸುಳ್ಳು ಅಂತ ತಿಳಿಯೋಕೆ ಅವರು ಮೊದಲು ಆ ಮುದುಕರನ್ನೇ ಕೊರಡಿಗೆ ಕಟ್ಟಿ, ಮೈ ಎಳೆದು ಬಾಯಿ ಬಿಡಿಸ್ತಾರೆ. ಓಲೆ ಹೋಗದಿದ್ರೆ ಅವರೊಬ್ಬರೇ, ಹಿಂಸೆ ಇಲ್ದೆ ನೇರವಾಗಿ ಸಾವು..."

"ಓಲೆ ಮೊದಲು ಮುಟ್ಟಿದ್ರೆ ಅವರನ್ನ ಕೇಳೋ ಹಾಗೇ ಇಲ್ಲ. ಮುಚ್ಚಿಟ್ಟವನು ನಾನಲ್ವಾ, ನನ್ನನ್ನ ಕೇಳ್ತಾರೆ."

"ಗಾಡಿ ಮೊದಲು ಮುಟ್ಟಿದ್ರೆ?"

ಟುಸ್ಕಸ್ ಓಲೆಯನ್ನು ಅವನ ಕೈಗೆ ತುರುಕಿದ. "ಕಾಲುದಾರಿ ಹಿಡಿ. ಗಾಡಿಗೆ ಕಮಾನಿನ ಹತ್ತಿರ ಸುತ್ತು ಬೀಳುತ್ತೆ. ಓಡು ಬಾಸಸ್, ದಮ್ಮಯ್ಯ, ಓಡು."

ಬಾಸಸ್ ಓಲೆಯನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡ. ತನ್ನ ದಪ್ಪ ಮೈಯನ್ನು ತಿರುಗಿಸಿ, ನೀರು ಹೊರುವವರನ್ನು ಅತ್ತಿತ್ತ ತಳ್ಳುತ್ತ ಓಡಿದ. ಸಂದಿಯ ತಿರುವಿನಲ್ಲಿ ಅವನ ಬೆನ್ನು ಮರೆಯಾಗುವ ಹೊತ್ತಿಗೆ, ಕೆಳಗೆ ದೊಡ್ಡ ಬೀದಿಯಲ್ಲಿ ಇಟ್ಟಿಗೆ ಗಾಡಿಯ ಚಕ್ರಗಳು ಕಲ್ಲಿನ ಮೇಲೆ ವೇಗ ಹಿಡಿದದ್ದು ಕೇಳಿಸಿತು.